ಸಿಯಾಲುಂಬದ ಹಸಿರು ಚುಕ್ಕೆ

ಲುಸಾಕಾದ ಕಬುಲೊಂಗ ಬಡಾವಣೆಯ ಆ ಬಂಗಲೆಯಲ್ಲಿ ಒಂದು ಗೋಡೆಯ ತುಂಬ ಆಫ್ರಿಕಾ ಖಂಡವಿತ್ತು. ಎಲ್ಲೆಲ್ಲಿ ಕರೆಂಟು ಕೂಡಿಡುವ ಬ್ಯಾಟರಿಯ ಯೋಜನೆ ಇದೆಯೋ ಅಲ್ಲೊಂದು ಚುಕ್ಕೆ. ಬರೀ ಮಾತಾಗಿದ್ದರೆ ಕೆಂಪು, ಕೆಲಸ ಹಿಡಿದಿದ್ದರೆ ಹಳದಿ, ಬ್ಯಾಟರಿ ಕೂತು ದೀಪ ಉರಿಯುತ್ತಿದ್ದರೆ ಹಸಿರು. ಆ ಗೋಡೆಯನ್ನು ನೋಡಿದರೆ ಕತ್ತಲೆ ಎನ್ನುವುದು ಗಂಟುಮೂಟೆ ಕಟ್ಟಿಕೊಂಡು ಎಂದೋ ಈ ಖಂಡ ಬಿಟ್ಟು ಹೋಗಿದೆ ಅನ್ನಬೇಕು. ಆದರೆ ಗೋಡೆಯನ್ನು ನೋಡಬೇಕಾದರೆ ಕಿಟಕಿಯ ಪರದೆ ಸರಿಸಬೇಕಿತ್ತು. ಆ ವರ್ಷ ಕರಿಬಾ ಅಣೆಕಟ್ಟೆಯಲ್ಲಿ ನೀರು ತಳ ಕಂಡಿತ್ತು. ರಾಜಧಾನಿಗೇ ಕರೆಂಟು ದಿನಕ್ಕೆ ಮೂರು ಗಂಟೆ ಬಂದರೆ ದೊಡ್ಡದು.

ಕಚೇರಿಯ ಹೆಸರು ಒಂದೂವರೆ ಸಾಲು ಉದ್ದ. ಅದನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಬಂದ ಕರೆಂಟು ಹೋಗಿರುತ್ತದೆ ಅಂತ ಎದುರಿನ ಅಂಗಡಿಯವಳು ಅದನ್ನು ಚುಕ್ಕೆ ಆಫೀಸು ಅಂತ ಕರೆಯುತ್ತಿದ್ದಳು. ಅಲ್ಲಿ ಚುಕ್ಕೆ ಇಡುವ ಕೆಲಸ ತೊವೇಲಳದು. ಲುಂಡಾಜಿ ಕಡೆಯ ತುಂಬುಕ ಜನಾಂಗದ ಹೆಂಗಸು, ಮೂವತ್ತನಾಲ್ಕು ವರ್ಷ, ಮಾತು ಕಮ್ಮಿ. ಆರು ವರ್ಷದಿಂದ ಇಡೀ ಖಂಡಕ್ಕೆ ಚುಕ್ಕೆ ಇಟ್ಟಿದ್ದಾಳೆ, ಲುಸಾಕಾ ಬಿಟ್ಟು ಎಲ್ಲಿಗೂ ಹೋಗಿಲ್ಲ. ಹೋಗಿ ನೋಡಿ ಬರೋಣ ಎಂದರೆ ದುಡ್ಡೆಲ್ಲ ಸಮ್ಮೇಳನಗಳಿಗೇ ಸರಿಹೋಗುತ್ತಿತ್ತು. ಅದಕ್ಕೆಂದೇ ನಿರ್ದೇಶಕರು, ಡಾಕ್ಟರ್ ಇಮಸಿಕು, ಕತ್ತರಿ ನಿಯಮ ಮಾಡಿದ್ದರು. ಪೇಪರಿನ ಫೋಟೋದಲ್ಲಿ ಬ್ಯಾಟರಿ ಇರಬೇಕು, ರಿಬ್ಬನ್ ಇರಬೇಕು, ಒಬ್ಬ ದೊಡ್ಡ ಮನುಷ್ಯನ ಕೈಯಲ್ಲಿ ಕತ್ತರಿ ಇರಬೇಕು. ಮೂರೂ ಇದ್ದರೆ ಹಸಿರು. ಈ ನಿಯಮವನ್ನು ಅವರು ಮೂರು ದೇಶಗಳಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದರು.

ಶುಕ್ರವಾರ ಮಧ್ಯಾಹ್ನ ಕಚೇರಿಯ ದೊಡ್ಡ ಸಮಾರಂಭ. ಹಸಿರು ಚುಕ್ಕೆ ಸಾವಿರ ಮುಟ್ಟಿತ್ತು. ನಿಜ ಹೇಳಬೇಕೆಂದರೆ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಎರಡು ತಿಂಗಳು ಸಿಕ್ಕಿಕೊಂಡು, ಕೊನೆಗೆ ಕಚೇರಿಗೇ ದಾನವಾಗಿ ಬಂದ ಬ್ಯಾಟರಿಯನ್ನು ಸಾವಿರನೆಯದೆಂದು ಬರೆದುಕೊಂಡಿದ್ದರು. ಬಿಳಿ ಬಣ್ಣ, ಸೊಂಟದೆತ್ತರ, ಕೆಳಗೆ ನಾಲ್ಕು ಚಕ್ರ. ಹಜಾರದಲ್ಲಿ ಮದುವಣಗಿತ್ತಿಯಂತೆ ರಿಬ್ಬನ್ ಸುತ್ತಿಸಿಕೊಂಡು ನಿಂತಿತ್ತು. ಕತ್ತರಿ ಬೀಳುವವರೆಗೆ ಅದಕ್ಕೆ ತಂತಿ ಜೋಡಿಸಕೂಡದು ಅಂತ ನಿರ್ದೇಶಕರ ಅಪ್ಪಣೆ. ಹಾಗಾಗಿ ಬ್ಯಾಟರಿ ಪಕ್ಕದಲ್ಲೇ ಇದ್ದರೂ ತೊವೇಲ ಮೊಬೈಲಿನ ಬೆಳಕಲ್ಲಿ ಕೆಲಸ ಮಾಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮೀನಿನ ವಾಸನೆ ಮೊದಲು ಒಳಗೆ ಬಂತು, ಹಿಂದೆಯೇ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ನರ್ಸಿನ ಬಿಳಿ ಅಂಗಿಯ ಮೇಲೆ ಹೂವಿನ ಚಿತೆಂಗೆ ಬಟ್ಟೆ ಸುತ್ತಿದ್ದಳು.

"ವಾಸನೆಗೆ ಬೇಜಾರು ಮಾಡ್ಕೋಬೇಡಮ್ಮ," ಎಂದಳು. "ತಮ್ಮನ ಲಾರೀಲಿ ಬಂದೆ. ಒಣ ಕಪೆಂಟ ಮೀನಿನ ಮೂಟೆ ಮೇಲೆ ಎಂಟು ಗಂಟೆ ಕೂತ್ರೆ ರಾಣಿಯಾದ್ರೂ ಹಿಂಗೇ ನಾರೋದು. ನಾನು ಬಿನಾ ಚೂಲ್ವೆ, ಅಂದ್ರೆ ಚೂಲ್ವೆಯ ತಾಯಿ. ಸಿಯಾಲುಂಬ ಆಸ್ಪತ್ರೆ ನರ್ಸು. ನಮ್ಮೂರಿನ ಚುಕ್ಕೆ ಎಲ್ಲಿದೆ, ತೋರ್ಸು."

ತೊವೇಲ ಪರದೆ ಸರಿಸಿ ತೋರಿಸಿದಳು. ಕರಿಬಾ ಕೆರೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಹಸಿರು.

"ಇದನ್ನ ಕೆಂಪು ಮಾಡು," ಎಂದಳು ಬಿನಾ ಚೂಲ್ವೆ.

ಆರು ವರ್ಷದಲ್ಲಿ ಚುಕ್ಕೆ ಹಸಿರು ಮಾಡಿ ಎಂದು ಕಾಲಿಗೆ ಬಿದ್ದವರು ಎಷ್ಟೋ ಜನ. ಕೆಂಪು ಮಾಡಿ ಎಂದವರು ಇವಳೇ ಮೊದಲು. ತೊವೇಲ ಕುರ್ಚಿ ಎಳೆದು ಕೂರಿಸಿದಳು.

"ನಮ್ಮಲ್ಲಿ ಬ್ಯಾಟರಿ ಇಲ್ಲ, ತಾಯಿ. ಯಾವತ್ತೂ ಇರ್ಲಿಲ್ಲ. ಮೂರು ವರ್ಷದ ಕೆಳಗೆ ಒಂದು ಲಾರಿ ಬಂತು, ಮೇಲೊಂದು ಬಿಳಿ ಪೆಟ್ಟಿಗೆ. ಇಳಿಸಿದ್ರು. ಸೂಟು ಹಾಕಿದ್ ದೊಡ್ಡ ಮನುಷ್ಯ ರಿಬ್ಬನ್ ಕತ್ತರಿಸ್ದ, ನಾವು ಹಾಡಿದ್ವಿ, ಕುಣಿದ್ವಿ, ಎರಡು ಮೇಕೆ ಕಡಿದ್ವಿ. ಊಟ ಆಯ್ತು. ಪೆಟ್ಟಿಗೆ ಮತ್ತೆ ಲಾರಿಗೇರಿಸ್ಕೊಂಡು ಹೋದ್ರು. ಮುಂದಿನೂರಲ್ಲೂ ಕತ್ತರಿಸ್ಬೇಕಂತೆ, ಆಮೇಲೆ ತರ್ತೀವಿ ಅಂದ್ರು. ಮೇಕೆ ಹೋಯ್ತು, ಬ್ಯಾಟರೀನೂ ಹೋಯ್ತು."

"ಮತ್ತೆ ಕೇಳಲಿಲ್ವಾ?"

"ಕೇಳ್ದೆ ಇರ್ತೀವಾ? ಬ್ಯಾಟರಿ ದಾನ ಕೊಡೋ ಸಂಸ್ಥೆಗೆ ಮೂರು ಸಲ ಅರ್ಜಿ ಹಾಕಿದೀನಿ. ಅವರು ನಿಮ್ಮ ನಕ್ಷೆ ನೋಡ್ತಾರೆ. ನಿಮ್ಗಾಗ್ಲೇ ಇದೆಯಲ್ಲ, ಇಲ್ಲದೋರಿಗೆ ಕೊಡ್ತೀವಿ ಅಂತಾರೆ. ಈ ವರ್ಷದ ಪಟ್ಟಿ ನಾಳೆ ಸಂಜೆ ಮುಚ್ಚತ್ತೆ." ಅವಳು ಚಿತೆಂಗೆಯ ಅಂಚನ್ನು ಬಿಗಿ ಮಾಡಿಕೊಂಡಳು. "ಹೋದ ತಿಂಗಳು ಮೊಬೈಲನ್ನ ಹಲ್ಲಲ್ಲಿ ಕಚ್ಕೊಂಡು ಒಬ್ಬಳಿಗೆ ಹೆರಿಗೆ ಮಾಡಿಸ್ದೆ. ಮಗು ಬಂತು, ಮೊಬೈಲ್ ಆರಿಹೋಯ್ತು. ರಕ್ತ ಎಲ್ಲಿಂದ ಬರ್ತಿದೆ ಅಂತ ನಂಗೆ ಕಾಣ್ಲಿಲ್ಲ. ಬರೀ ಕೈಗೆ ಬೆಚ್ಚಗೆ ತಾಗ್ತಿತ್ತು. ಬೆಳಗಾಗೋವರೆಗೆ ಅವಳು ಉಳೀಲಿಲ್ಲ. ಈಗ ನನ್ನ ಮಗಳು ಚೂಲ್ವೆಗೆ ಒಂಬತ್ತು ತಿಂಗಳು ತುಂಬ್ತಾ ಇದೆ. ಅವಳದ್ದೂ ಅದೇ ಮಂಚ."

ತೊವೇಲ ಎದ್ದಳು. ಕಡತ ತೆಗೆದಳು. ಸಿಯಾಲುಂಬ, ಹಸಿರು, ಪಕ್ಕದಲ್ಲಿ ಇಟ್ಟವರ ಸಹಿ. ದುಂಡಗಿನ ಅಕ್ಷರ. ಅವಳದೇ. ಫೋಟೋದಲ್ಲಿ ಬ್ಯಾಟರಿ ಇತ್ತು, ರಿಬ್ಬನ್ ಇತ್ತು, ಕತ್ತರಿ ಇತ್ತು. ಪೆಟ್ಟಿಗೆಯ ಎಡ ಮೂಲೆಯಲ್ಲಿ ಒದ್ದ ಡಬ್ಬಿಯ ಹಾಗೆ ಒಂದು ತಗ್ಗೂ ಇತ್ತು. ಆ ತಗ್ಗನ್ನು ಇನ್ನೆಲ್ಲೋ ನೋಡಿದ್ದೇನಲ್ಲ ಅಂತ ಅವಳಿಗೆ ಅನ್ನಿಸಿತು. ಅದೇ ತಿಂಗಳ ಕಡತಗಳನ್ನೆಲ್ಲ ಹರವಿದಳು. ಏಳು ಊರು, ಏಳು ಕತ್ತರಿ, ಏಳು ಎರಡು ಹದಿನಾಲ್ಕು ಸತ್ತ ಮೇಕೆ. ಪೆಟ್ಟಿಗೆ ಮಾತ್ರ ಒಂದೇ. ಏಳಕ್ಕೂ ಹಸಿರು ಹಚ್ಚಿದ ಮಹಾರಾಯಿತಿ ಇವಳೇ.

"ಆ ಚುಕ್ಕೆ ಇಟ್ಟೋಳು ನಾನೇ, ಅಕ್ಕ," ಎಂದಳು. ನಾಚಿಕೆಗೆ ಮುಖ ಎತ್ತಲಾಗಲಿಲ್ಲ.

ಬಿನಾ ಚೂಲ್ವೆ ಕಡತವನ್ನು ಅವಳ ಕಡೆಗೇ ತಳ್ಳಿದಳು. "ಸರಿ. ಇಟ್ಟ ಕೈಯಲ್ಲೇ ತೆಗಿ."

ತೆಗೆಯುವುದಕ್ಕೆ ಬರುವ ಹಾಗಿದ್ದರೆ ತಾನೆ. ಗೋಡೆಯ ಚುಕ್ಕೆ ಬದಲಾಯಿಸಿದರೆ ಸಾಲದು, ದಾನ ಸಂಸ್ಥೆ ನೋಡುವ ನಕ್ಷೆ ಕಚೇರಿಯ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಕೆಂಪಿನಿಂದ ಹಳದಿಗೆ ಒಂದು ಗುಂಡಿ ಇತ್ತು, ಹಳದಿಯಿಂದ ಹಸಿರಿಗೆ ಇನ್ನೊಂದು. ಹಿಂದಕ್ಕೆ ಬರುವ ಗುಂಡಿಯನ್ನು ಯಾರೂ ಮಾಡಿಸಿರಲಿಲ್ಲ. ಬೇಕಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಇಬ್ಬರೂ ನಿರ್ದೇಶಕರ ಕೋಣೆಗೆ ಹೋದರು.

ಇಮಸಿಕು ಲೋಜಿ ಜನ. ಬಿನಾ ಚೂಲ್ವೆ ಟೊಂಗ. ಲೋಜಿಗೂ ಟೊಂಗಕ್ಕೂ ತಲತಲಾಂತರದಿಂದ ಭಾವ-ನಾದಿನಿ ಸಲಿಗೆ. ಎದುರು ಸಿಕ್ಕರೆ ಬೈದುಕೊಳ್ಳಬೇಕು, ಬೈಸಿಕೊಂಡವರು ನಗಬೇಕು. ಒಬ್ಬರ ಕೈಯಲ್ಲಿರುವುದನ್ನು ಇನ್ನೊಬ್ಬರು ಕಿತ್ತುಕೊಂಡರೂ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಸಾವಿನ ಮನೆಯಲ್ಲೂ ಈ ಹಕ್ಕು ನಡೆಯುತ್ತದೆ. ಮುಖ ಸಿಂಡರಿಸಿದವನನ್ನು ಹತ್ತು ಜನ ಆಡಿಕೊಳ್ಳುತ್ತಾರೆ.

"ಓಹೋ, ಟೊಂಗ," ಎಂದರು ಇಮಸಿಕು ಹೊಟ್ಟೆ ಕುಲುಕಿಸುತ್ತ. "ದನದ ಕೊಟ್ಟಿಗೆ ಬಿಟ್ಟು ಇಲ್ಲಿಗ್ಯಾಕೆ ಬಂದೆ? ಹುಳಿ ಮಜ್ಜಿಗೆ ಖಾಲಿಯಾಯ್ತಾ?"

"ಕೊಟ್ಟಿಗೇಲಿ ದನ ಎಲ್ಲಿದೆ ಭಾವ, ನಿಮ್ಮಜ್ಜಂದಿರು ಹೊಡ್ಕೊಂಡು ಹೋದಮೇಲೆ? ನಿಂಗಿಷ್ಟ ಅಂತ ಮೀನಿನ ವಾಸನೆ ತಂದಿದೀನಿ. ಮೂಸ್ಕೊಂಡು ಊಟ ಮಾಡು, ಹೊಟ್ಟೆ ಇಳಿಯತ್ತೆ."

ಅವರು ಮೇಜು ಕುಟ್ಟಿ ನಕ್ಕರು. ಚಹಾ ತರಿಸಿದರು. ವಿಷಯ ಕೇಳಿದ ಮೇಲೆ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆ ಕಡೆ ಹೋಯಿತು.

"ನೋಡು ನಾದಿನಿ, ಇದು ಬೆಳವಣಿಗೆಯ ನಕ್ಷೆ. ಬೆಳವಣಿಗೆ ಮುಂದಕ್ಕೆ ಹೋಗತ್ತೆ. ಹಿಂದಕ್ಕೆ ಹೋದ್ರೆ ಅದನ್ನ ಬೆಳವಣಿಗೆ ಅಂತಾರಾ?"

"ಸರ್, ಅಲ್ಲಿ ಬ್ಯಾಟರಿನೇ ಇಲ್ಲ," ಎಂದಳು ತೊವೇಲ. "ಏಳು ಊರಲ್ಲೂ ಒಂದೇ ಪೆಟ್ಟಿಗೆ. ಫೋಟೋ ಇದೆ."

"ಏಳಾ?" ಇಮಸಿಕು ತಮ್ಮ ವೇಸ್ಟ್‌ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. "ತೊವೇಲ, ನಾಳೆ ಸಾವಿರ ಅಂತ ಬ್ಯಾನರ್ ಬರೆಸಿಯಾಗಿದೆ. ಕೇಕ್ ಮೇಲೂ ಬರೆಸಿಯಾಗಿದೆ. ಒಂಬೈನೂರ ತೊಂಬತ್ತಮೂರು ಅಂತ ಕೇಕ್ ಮೇಲೆ ಯಾರಾದ್ರೂ ಬರೀತಾರಾ? ದೂರು ಏನಿದ್ರೂ ಬರವಣಿಗೆಯಲ್ಲಿ ಕೊಡಿ. ಸಲಹಾ ಸಭೆಗೆ ಇಡೋಣ. ಸಭೆ ಮಾರ್ಚಲ್ಲಿ, ಮಾರಿಷಸ್‌ನಲ್ಲಿ."

"ನನ್ನ ಮಗಳು ಮಾರ್ಚಿನವರೆಗೆ ತಡೀತಾಳಾ ಭಾವ?"

"ನೀವು ಟೊಂಗದೋರು ಗಟ್ಟಿ ಜನ," ಎಂದು ಅವರು ನಕ್ಕರು. ಬಿನಾ ಚೂಲ್ವೆಯೂ ನಕ್ಕಳು. ನಗಬೇಕಲ್ಲ, ಪದ್ಧತಿ.

ಹೊರಗೆ ಜಗಲಿಯಲ್ಲಿ ಕೂತು ಇಬ್ಬರೂ ಎದುರಿನ ಅಂಗಡಿಯ ವಿತುಂಬುವ ತಿಂದರು. ತಣ್ಣಗಾದ ಎಣ್ಣೆಯ ಬೋಂಡ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿನಾ ಚೂಲ್ವೆಯ ನಗು ಅಷ್ಟು ಹೊತ್ತಿಗೆ ಪೂರ್ತಿ ಇಳಿದುಹೋಗಿತ್ತು. ಅವಳು ಅಳುತ್ತಿದ್ದಳು. ಬೋಂಡ ಅಗಿಯುತ್ತಲೇ ಅಳುತ್ತಿದ್ದಳು.

ತೊವೇಲ ತನ್ನ ಬೋಂಡ ಕೆಳಗಿಟ್ಟಳು. ಆರು ವರ್ಷ ತಾನು ಮಾಡಿದ್ದು ಕೆಲಸವೆಂದುಕೊಂಡಿದ್ದಳು. ಒಬ್ಬ ಹೆಂಗಸು ಕತ್ತಲೆಯಲ್ಲಿ ರಕ್ತ ಹೋಗಿ ಸತ್ತಿದ್ದಳು, ನಕ್ಷೆಯಲ್ಲಿ ಅಲ್ಲಿ ದೀಪ ಉರಿಯುತ್ತಿತ್ತು. ಮೇಲಿನವರ ನಿಯಮ, ನಾನೇನು ಮಾಡಲಿ ಎಂದುಕೊಂಡರೆ ಸ್ವಲ್ಪ ಹಗುರಾಗಬಹುದೇ ಎಂದು ನೋಡಿದಳು. ಆಗಲಿಲ್ಲ.

"ಅಕ್ಕ," ಎಂದಳು ಕೊನೆಗೆ, "ನಾನು ತುಂಬುಕ. ನಾನು ಅವರನ್ನ ಬೈದ್ರೆ ನಾಳೆ ಕೆಲಸ ಇರಲ್ಲ. ನೀವು ಬೈದ್ರೆ ಅವರು ನಗಲೇಬೇಕು, ಅಲ್ವಾ?"

"ಬೈದೆನಲ್ಲ. ಏನು ಬಂತು?"

"ಕೋಣೆ ಒಳಗೆ ಬೈದ್ರಿ. ನಾಳೆ ನೂರು ಜನ ಬರ್ತಾರೆ, ಅರ್ಧ ಲೋಜಿ, ಕಾಲು ಟೊಂಗ. ಪೇಪರಿನೋರು ಬರ್ತಾರೆ. ದಾನ ಕೊಡೋ ಸಂಸ್ಥೆ ಮೇಡಂ ಬರ್ತಾಳೆ." ತೊವೇಲ ದನಿ ತಗ್ಗಿಸಿದಳು. "ಹಜಾರದಲ್ಲಿ ಒಂದು ಬ್ಯಾಟರಿ ಇದೆ, ನೋಡಿದ್ರಲ್ಲ. ಚಕ್ರ ಇದೆ. ನಿಮ್ಮ ತಮ್ಮನ ಲಾರಿ ವಾಪಸ್ ಹೋಗುವಾಗ ಖಾಲಿ ತಾನೆ?"

ಬಿನಾ ಚೂಲ್ವೆ ಅಗಿಯುವುದನ್ನು ನಿಲ್ಲಿಸಿದಳು. ಕೈಯಲ್ಲಿದ್ದ ಅರ್ಧ ಬೋಂಡ ನೋಡಿದಳು, ತೊವೇಲಳನ್ನು ನೋಡಿದಳು. "ತುಂಬುಕದೋರು ಬಾಯಿಲ್ಲದೋರು ಅಂತ ಯಾರಮ್ಮ ಹೇಳಿದ್ದು," ಎಂದಳು.

ಶುಕ್ರವಾರ ಹನ್ನೆರಡಕ್ಕೆ ಅಂಗಳದ ಶಾಮಿಯಾನ ತುಂಬಿತು. ನಾಲ್ಕು ಆಳು ಬ್ಯಾಟರಿಯನ್ನು ಉರುಳಿಸಿಕೊಂಡು ಬಂದು ವೇದಿಕೆಯ ಮುಂದೆ ನಿಲ್ಲಿಸಿದರು. ಇಮಸಿಕು ನಲವತ್ತು ನಿಮಿಷ ಮಾತಾಡಿದರು. ಖಂಡ ಎದ್ದು ನಿಂತಿದೆ ಎಂದರು. ಕತ್ತಲೆಗೆ ಎಳ್ಳುನೀರು ಬಿಟ್ಟಾಯಿತು ಎಂದರು. ಅದನ್ನು ಹೇಳುವಾಗ ಮೈಕು ಎರಡು ಸಲ ಸತ್ತಿತು, ಜನರೇಟರಿಗೆ ಒದ್ದು ಎಬ್ಬಿಸಬೇಕಾಯಿತು. ಆಮೇಲೆ ತಟ್ಟೆಯಲ್ಲಿ ಕತ್ತರಿ ಬಂತು. ಅವರು ಕತ್ತರಿ ಎತ್ತಿ, ಪೇಪರಿನವರ ಕಡೆ ಹಲ್ಲು ಬಿಟ್ಟು ನಿಂತರು.

"ಭಾವಾ, ಒಂದ್ನಿಮಿಷ ತಾಳು."

ಬಿನಾ ಚೂಲ್ವೆ ಸಾಲುಗಳ ನಡುವಿನಿಂದ ಬಂದಳು. ಯಾವ ಅವಸರವೂ ಇಲ್ಲದ ನಡಿಗೆ. ಬಂದವಳೇ ಚಿತೆಂಗೆ ಹರಡಿಕೊಂಡು ಬ್ಯಾಟರಿಯ ಮೇಲೆ ಧೊಪ್ಪೆಂದು ಕೂತಳು, ಸಂತೆಯಲ್ಲಿ ಮೂಟೆಯ ಮೇಲೆ ಕೂತಂತೆ.

"ಲೋಜಿ ಜನಗಳೇ," ಎಂದಳು, "ನಿಮ್ಮ ಮುತ್ತಾತಂದಿರು ನಮ್ಮ ಹಟ್ಟಿಯಿಂದ ದನ ಹೊಡ್ಕೊಂಡು ಹೋದ್ರು. ಎಷ್ಟು ಅಂತ ನಾವು ಕೇಳ್ಲಿಲ್ಲ, ದೊಡ್ಡ ಮನಸ್ಸು ನಮ್ದು. ಈವತ್ತು ಆ ದನಗಳ ಬದ್ಲು ಈ ಬಿಳೀ ಹಸು ಹೊಡ್ಕೊಂಡು ಹೋಗೋಣ ಅಂತ ಬಂದಿದೀನಿ. ಕೊಂಬಿಲ್ಲ, ಹಾಲೂ ಇಲ್ಲ. ಏನ್ಮಾಡೋದು, ಲೋಜಿಗಳ ಮನೇಲಿ ಇದಕ್ಕಿಂತ ಒಳ್ಳೇ ದನ ಎಲ್ಲಿ ಸಿಗತ್ತೆ."

ಶಾಮಿಯಾನ ನಗುವಿನಿಂದ ಅದುರಿತು. ಟೊಂಗ ಹೆಂಗಸರು ನಾಲಿಗೆ ತಿರುಗಿಸಿ ಕೇಕೆ ಹಾಕಿದರು. ಲೋಜಿ ಗಂಡಸರು "ಕೊಟ್ಬಿಡು, ಕೊಟ್ಬಿಡು, ಮಾನ ಕಳೀಬೇಡ," ಎಂದು ಕೂಗಿದರು. ಇಮಸಿಕು ಕತ್ತರಿ ಹಿಡಿದೇ ನಕ್ಕರು. ಪಾಪ, ನಗದೆ ಎಲ್ಲಿಗೆ ಹೋಗುತ್ತಾರೆ. ಆದರೂ ಬಗ್ಗಿ ಅವಳ ಕಿವಿಯಲ್ಲಿ, "ತಮಾಷೆ ಆಯ್ತು, ಏಳು ನಾದಿನಿ," ಎಂದರು.

"ಎದ್ರೆ ಲಾರಿ ಮೇಲೇ ಏಳೋದು," ಎಂದಳು ಅವಳು, ಎಲ್ಲರಿಗೂ ಕೇಳುವ ಹಾಗೆ.

ಮುಂದಿನ ಸಾಲಿನಲ್ಲಿದ್ದ ದಾನ ಸಂಸ್ಥೆಯ ಮೇಡಂಗೆ ಏನೊಂದೂ ಅರ್ಥವಾಗಿರಲಿಲ್ಲ. ಅವಳು ಬ್ರಸೆಲ್ಸ್‌ನಿಂದ ಎರಡು ದಿನದ ಹಿಂದೆ ಬಂದವಳು. ಪಕ್ಕದಲ್ಲಿ ನಿಂತಿದ್ದ ತೊವೇಲಳನ್ನು ಕೇಳಿದಳು: ಈಕೆ ಯಾಕೆ ಅದರ ಮೇಲೆ ಕೂತಿದ್ದಾಳೆ?

ಕೆಲಸ ಹೋಗುವುದಿದ್ದರೆ ಈಗಲೇ ಹೋಗುವುದು. ಹೋಗಲಿ ಎಂದುಕೊಂಡಳು ತೊವೇಲ. "ಮೇಡಂ, ನಿರ್ದೇಶಕರು ನಮ್ಮ ಕಚೇರಿಯ ಬ್ಯಾಟರಿಯನ್ನ ಸಿಯಾಲುಂಬದ ಹೆರಿಗೆ ಆಸ್ಪತ್ರೆಗೆ ಕೊಡ್ತಿದ್ದಾರೆ. ಅವರು ಸಂತೋಷಕ್ಕೆ ಕೂತಿದ್ದಾರೆ."

"ಸಿಯಾಲುಂಬ ನಕ್ಷೆಯಲ್ಲಿ ಆಗಲೇ ಹಸಿರಲ್ಲವೆ?"

"ಹೌದು ಮೇಡಂ. ಇನ್ನೂ ಹಸಿರಾಗಲಿ ಅಂತ."

ಮೇಡಂ ಕಣ್ಣೊರೆಸಿಕೊಂಡು ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಅವಳು ಎದ್ದರೆ ಮಿಕ್ಕವರು ಕೂರುವುದುಂಟೆ. ನೂರು ಜನ ಎದ್ದರು. ವೇದಿಕೆಯ ಮೇಲೆ ಬಂದು ಅವಳು ಇಮಸಿಕುವಿನ ಕೈ ಕುಲುಕಿದಳು, ಇಂಥ ತ್ಯಾಗ ತಾನು ಎಲ್ಲೂ ಕಂಡಿಲ್ಲ ಎಂದಳು. ಪೇಪರಿನವರು ಮುಗಿಬಿದ್ದು ಫೋಟೋ ತೆಗೆದರು. ಬ್ಯಾಟರಿ, ರಿಬ್ಬನ್, ಕತ್ತರಿ, ಮೇಲೆ ಬಿನಾ ಚೂಲ್ವೆ. ಇಮಸಿಕು ರಿಬ್ಬನ್ ಕತ್ತರಿಸಿದರು. ಮೊದಲ ಸಲ ಕತ್ತರಿ ತಪ್ಪಿತು, ಭಾವುಕರಾಗಿದ್ದಾರೆ ಎಂದು ಪೇಪರಿನಲ್ಲಿ ಬಂತು.

ಈ ಸಲ ಲಾರಿ ಫೋಟೋ ಮುಗಿದ ಮೇಲೆ ಮುಂದಿನೂರಿಗೆ ಹೋಗಲಿಲ್ಲ. ನೇರ ಸಿಯಾಲುಂಬಕ್ಕೆ ಹೋಯಿತು. ಹಿಂದಿನ ಹಲಗೆಯ ಮೇಲೆ ಕಪೆಂಟದ ಖಾಲಿ ಮೂಟೆಗಳ ನಡುವೆ ಬಿನಾ ಚೂಲ್ವೆ ಬ್ಯಾಟರಿಯನ್ನು ತಬ್ಬಿಕೊಂಡು ಕೂತಿದ್ದಳು. ಕಚೇರಿಯ ತಂತಿಗಳನ್ನೂ, ಅದನ್ನು ಜೋಡಿಸಲು ಬಂದಿದ್ದ ಮಿಸ್ತ್ರಿಯನ್ನೂ ಜೊತೆಗೇ ಹತ್ತಿಸಿಕೊಂಡಿದ್ದಳು. ಮಿಸ್ತ್ರಿ ಬೆಂಬ ಜನ, ಅವನ ಮೇಲೆ ಅವಳಿಗೆ ಯಾವ ಹಕ್ಕೂ ಇರಲಿಲ್ಲ. ಅವನಿಗೆ ಅದನ್ನು ಹೇಳಲು ಅವಕಾಶ ಸಿಗಲಿಲ್ಲ.

ಕಚೇರಿಯಲ್ಲಿ ಕರೆಂಟಿಲ್ಲ, ಬ್ಯಾಟರಿಯಿಲ್ಲ, ಮೂರನೆಯ ವಾರ ಜನರೇಟರೂ ಕೈಕೊಟ್ಟಿತು. ಇಮಸಿಕು ದಾನ ಸಂಸ್ಥೆಗೆ ಪತ್ರ ಬರೆದರು: ನಮಗೊಂದು ಬ್ಯಾಟರಿ ದಯಪಾಲಿಸಬೇಕು. ಎರಡೇ ದಿನದಲ್ಲಿ ಉತ್ತರ ಬಂತು. ತಮ್ಮ ನಕ್ಷೆಯ ಸಾವಿರನೆಯ ಚುಕ್ಕೆಯ ಪ್ರಕಾರ ತಮ್ಮ ಕಚೇರಿಯಲ್ಲಿ ಬ್ಯಾಟರಿ ಈಗಾಗಲೇ ಕೆಲಸ ಮಾಡುತ್ತಿದೆ, ನಮ್ಮ ನೆರವು ಇಲ್ಲದವರಿಗೆ ಮಾತ್ರ, ತಮ್ಮ ನಕ್ಷೆ ನಮಗೆ ಬಹಳ ಉಪಯುಕ್ತವಾಗಿದೆ, ವಂದನೆಗಳು.

ಅವರು ಪತ್ರ ಹಿಡಿದು ತೊವೇಲಳ ಮೇಜಿನ ಹತ್ತಿರ ಬಂದರು. ಕೆಲಸದಿಂದ ಅವಳನ್ನು ತೆಗೆದಿರಲಿಲ್ಲ. ತೆಗೆದರೆ ತ್ಯಾಗದ ಕತೆ ಬಿಚ್ಚಿಕೊಳ್ಳುತ್ತಿತ್ತು.

"ನಮ್ಮ ಚುಕ್ಕೆ ಕೆಂಪು ಮಾಡು," ಎಂದರು ಮೆಲ್ಲಗೆ.

"ಗುಂಡಿ ಇಲ್ಲ ಸರ್."

"ಏನಾದ್ರೂ ಮಾಡು ಮಾರಾಯ್ತಿ."

"ಬರವಣಿಗೆಯಲ್ಲಿ ಕೊಡಿ ಸರ್, ಸಭೆಗೆ ಇಡೋಣ. ಮಾರ್ಚಲ್ಲಿ." ತೊವೇಲ ತಲೆ ಎತ್ತಲಿಲ್ಲ. ಅವಳ ಮುಂದೆ ಪೆಟ್ಟಿಗೆ ಬಂದು ಹೋದ ಉಳಿದ ಆರು ಊರುಗಳ ಹೆಸರಿದ್ದ ಒಂದು ಚೀಟಿ ಇತ್ತು. ಯಾವ ಊರಿನ ನರ್ಸಿಗೆ ಲುಸಾಕಾದ ಯಾವ ದೊಡ್ಡ ಮನುಷ್ಯ ಭಾವನಾಗಬೇಕು, ಅವನ ಮನೆಯಲ್ಲಿ ಎಷ್ಟು ಬ್ಯಾಟರಿ ಇದೆ ಎಂದು ಅವಳು ಒಂದೊಂದಾಗಿ ವಿಚಾರಿಸುತ್ತಿದ್ದಳು. "ನಿಮಗೊಂದು ಸಂದೇಶ ಬಂದಿದೆ ಸರ್, ನನ್ನ ಫೋನಿಗೆ. ಸಿಯಾಲುಂಬದಿಂದ. ಓದ್ಲಾ?"

ಅವರು ಪತ್ರ ಮಡಚಿದರು. ಅವಳು ಓದಿದಳು.

"ಭಾವ, ಚೂಲ್ವೆ ಬುಧವಾರ ಹೆತ್ತಳು. ರಕ್ತ ಬಹಳ ಹೋಯ್ತು, ಆದ್ರೆ ಎಲ್ಲಿಂದ ಹೋಗ್ತಿದೆ ಅಂತ ನಂಗೆ ಕಾಣ್ತು. ಹೊಲಿದೆ. ಬದುಕಿದಾಳೆ. ಗಂಡು ಮಗು, ನಿನ್ನ ಹೆಸರೇ ಇಟ್ಟಿದೀವಿ. ಇಮಸಿಕು ದಪ್ಪಗಿದಾನೆ. ಇಡೀ ದಿನ ಕೂಗ್ತಾನೆ, ಒಂದೂ ಕೆಲ್ಸ ಮಾಡಲ್ಲ, ಎಲ್ರೂ ಅವನನ್ನ ಹೊತ್ಕೊಂಡು ತಿರುಗ್ಬೇಕು."

ಇಮಸಿಕು ನಕ್ಕರು. ಪದ್ಧತಿಗೆ ನಕ್ಕರೋ, ನಿಜವಾಗಿಯೇ ನಗು ಬಂತೋ, ತೊವೇಲಳಿಗೆ ತಿಳಿಯಲಿಲ್ಲ. ಆಮೇಲೆ ಅವರು ನಕ್ಷೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ, ಕೆರೆಯ ಅಂಚಿನಲ್ಲಿ ಆ ಸಾಸಿವೆ ಕಾಳಿಗಾಗಿ ಹುಡುಕಿದರು. ಬೆರಳಿಟ್ಟುಕೊಂಡು ಬಹಳ ಹೊತ್ತು ಹುಡುಕಿದರು.

"ಪರದೆ ಇನ್ನೊಂದು ಸ್ವಲ್ಪ ಸರಿಸು ತೊವೇಲ," ಎಂದರು, "ಏನೂ ಕಾಣ್ತಾ ಇಲ್ಲ."